ಮೂರು ಸಿನಿಮಾ ಮತ್ತು ನಮ್ಮ ಮನೆಯ ತಿದಿ

ಕನ್ನಡಕದಂಗಡಿಯ ಹಿಂದಿನ ಕೋಣೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ತಿದಿ,

ಮೊದಲು ನಿನ್ನ ಆರೋಗ್ಯದ ವಿಷಯ ಹೇಳು. ನೆಗಡಿ, ಗಂಟಲು ನೋವು, ಎದೆ ಕಟ್ಟುವುದು, ಏನಾದರೂ ಇದೆಯೇ? ಶುಕ್ರವಾರದಿಂದ ಅಮ್ಮ ಇದನ್ನೇ ಕೇಳಿ ಕೇಳಿ ನನ್ನ ತಲೆ ತಿನ್ನುತ್ತಿದ್ದಾಳೆ. ಕಾರಣ ಮುಂದೆ ಬರೆಯುತ್ತೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಕಣ್ಣು ಹಾಗೇ ಇದೆ. ಬೆಳಕು ಯಾವ ಕಡೆಯಿದೆ ಎಂದು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಊರಿಗೆಲ್ಲ ಕನ್ನಡಕ ಹಾಕುವ ನನ್ನ ಅಂಗಡಿಯಲ್ಲಿ ಅವಳಿಗೆ ಹೊಂದುವ ಗಾಜು ಒಂದೂ ಇಲ್ಲ.

ಹೋದ ಸಲ ಫೋನಿನಲ್ಲಿ ನೀನು ಹೇಳಿದ ಕರಾರಿನ ಬಗ್ಗೆ ಯೋಚಿಸಿದೆ. ಡಬ್ಬಿಂಗ್ ಸ್ಟುಡಿಯೋದವರಿಗೆ ನೀನೊಂದು ಸಹಿ ಹಾಕಿಕೊಟ್ಟರೆ ಮುಂದೆ ನಿನ್ನ ಧ್ವನಿಯಲ್ಲಿ ಯಂತ್ರವೇ ಮಾತಾಡುತ್ತದಂತೆ, ನೀನು ಬರಲೇಬೇಕಿಲ್ಲವಂತೆ. "ಇನ್ನೂ ಹಾಕಿಲ್ಲ ಅಣ್ಣ, ತಿಂಗಳ ಕೊನೆಗೆ ಹೇಳ್ಬೇಕು" ಎಂದೆ ನೀನು. "ಹೇಗೂ ಯಾರಿಗೆ ಗೊತ್ತಾಗುತ್ತೆ, ಮಾತಾಡಿದ್ದು ನಾನೋ ಮೆಷಿನ್ನೋ" ಎಂದೂ ಸೇರಿಸಿದೆ. ನಿನ್ನ ಕೆಲಸ, ನಿನ್ನ ತೀರ್ಮಾನ. ನಾನು ಸಿನಿಮಾದ ವಿಷಯ ಮಾತ್ರ ಬರೆಯುತ್ತೇನೆ. ಫೋನಿನಲ್ಲಿ ನನಗೆ ಕೋಪ ಸರಿಯಾಗಿ ಬರುವುದಿಲ್ಲ, ಬರೆಯಲು ಕೂತರೆ ಬರುತ್ತದೆ.

ನೀನು ಹೇಳಿದ ಸಿನಿಮಾಗಳೆಲ್ಲ ಮುಗಿದರೂ, ನಿನ್ನ ಧ್ವನಿ ಇನ್ನೆಲ್ಲಾದರೂ ಸಿಕ್ಕೀತೆಂದು ಅಮ್ಮ ಈಗ ಪ್ರತಿ ವಾರ ಥಿಯೇಟರಿಗೆ ಎಳೆಯುತ್ತಾಳೆ. ಮೊದಲು ನೋಡಿದ್ದು ಪೊಲೀಸಿನವನ ಸಿನಿಮಾ. ನಾಯಕ ಜೀಪಿನಿಂದ ಇಳಿದು ಠಾಣೆಯ ಬಾಗಿಲಿಗೆ ನಡೆದು ಬರುವಷ್ಟರಲ್ಲಿ ನನ್ನ ಕಾಲು ಜೋಮು ಹಿಡಿಯಿತು. ಪರದೆ ಕಾಣದ ಅಮ್ಮ, "ಇನ್ನೂ ನಡೀತಾನೇ ಇದಾನಾ? ಯಾರಾದ್ರೂ ಒಂದು ಸೈಕಲ್ ಕೊಡಿಸಬಾರದಾ?" ಎಂದಳು. ನಾಯಕಿಗೆ ಇಡೀ ಸಿನಿಮಾದಲ್ಲಿ ಮಾತೇ ಇಲ್ಲ, ಕಿರುಚಾಟ ಮಾತ್ರ. ಎರಡನೆಯದು ಅಣ್ಣತಮ್ಮಂದಿರ ಆಸ್ತಿ ಜಗಳ. ದೊಡ್ಡವನು ಕತ್ತಿ ಎತ್ತಿದ, ಚಿಕ್ಕವನು ಕಣ್ಣು ಮುಚ್ಚಿದ, ಮಿಕ್ಕದ್ದು ಎರಡನೇ ಭಾಗದಲ್ಲಂತೆ! ನಾನು ಒಂದೇ ಗಾಜಿನ ಕನ್ನಡಕ ಕೊಟ್ಟು, ಇನ್ನೊಂದು ಕಣ್ಣಿಗೆ ಮುಂದಿನ ವರ್ಷ ಬನ್ನಿ ಎಂದರೆ ಜನ ಸುಮ್ಮನೆ ಬಿಡುತ್ತಾರೆಯೇ? ಸಿನಿಮಾದವರನ್ನು ಮಾತ್ರ ಚಪ್ಪಾಳೆ ತಟ್ಟಿ ಕಳಿಸುತ್ತಾರೆ.

ಮೂರನೆಯದು ಶುಕ್ರವಾರದ್ದು. ಹೊರದೇಶದ ಸಿನಿಮಾ, ಕನ್ನಡಕ್ಕೆ ಡಬ್ ಆದದ್ದು. ದೋಣಿ ನಡೆಸುವ ಒಬ್ಬ ವಿಧವೆಯ ಕಥೆ. ನನ್ನ ಅರ್ಧ ಆಯುಷ್ಯ ಅನುವಾದದ ಕಾದಂಬರಿಗಳಲ್ಲೇ ಕಳೆದಿದೆ, ಪುಸ್ತಕ ಕೈಗೆ ಬಂದರೆ ಮೊದಲು ಅನುವಾದಕರ ಹೆಸರು ಹುಡುಕುವವನು ನಾನು. ಇಲ್ಲಿ ಜ್ವರದ ಮಗುವನ್ನು ಅಪ್ಪಿಕೊಂಡ ತಾಯಿ, "ನಾನು ನಿನ್ನ ಬಗ್ಗೆ ಹೆಮ್ಮೆಪಡುತ್ತೇನೆ, ಮಗನೇ" ಎನ್ನುತ್ತಾಳೆ. ಯಾವ ತಾಯಿ ಹೀಗೆ ಮಾತಾಡುತ್ತಾಳೆ? ಪ್ರಶಸ್ತಿ ಪತ್ರ ಓದುತ್ತಿದ್ದಾಳೆಯೇ?

ಆದರೆ ಆ ವಿಧವೆ ಮೊದಲ ಮಾತಾಡಿದ ಕೂಡಲೇ ಅಮ್ಮ ನನ್ನ ಮುಂಗೈ ಹಿಡಿದುಕೊಂಡಳು. "ನಮ್ಮ ತಿದಿ ಕಣೋ!" ಪಕ್ಕದ ಸೀಟಿನವರಿಗೂ "ಮಾತಾಡ್ತಿರೋದು ನನ್ನ ಮಗಳು" ಎಂದು ಹೇಳಿಯಾಯಿತು. ಅವರು ಪಾಪ, ಕತ್ತಲಲ್ಲೇ ಕೈ ಕುಲುಕಿದರು. ಇಂಟರ್‌ವಲ್ ಹೊತ್ತಿಗೆ ಅಮ್ಮನ ಸಂಭ್ರಮ ಇಳಿದಿತ್ತು. ಪಾಪ್‌ಕಾರ್ನ್ ಬೇಡ, ಏನೂ ಬೇಡ. ಕೊನೆಗೆ ಹೇಳಿದಳು: "ಇಷ್ಟುದ್ದ ಮಾತಾಡ್ತಾಳೆ, ಎಲ್ಲೂ ಉಸಿರೇ ತಗೊಳ್ಳಲ್ಲ. ಇವಳಿಗೆ ಹುಷಾರಿಲ್ಲ ಕಣೋ." ಅಮ್ಮನಿಗೆ ಕಾದಂಬರಿ ಓದಿ ಹೇಳುವಾಗ ಉದ್ದ ವಾಕ್ಯ ಕಂಡರೆ ನೀನು ಸುಯ್ ಎಂದು ಉಸಿರೆಳೆಯುತ್ತಿದ್ದೆ. "ಓದೋಕೆ ಕೂತಿದೀಯೋ, ಕುಲುಮೆ ಊದೋಕೋ?" ಎಂದು ರೇಗಿಸಿ ಅವಳು ನಿನಗೆ ತಿದಿ ಎಂದು ಹೆಸರಿಟ್ಟದ್ದು ಅದಕ್ಕೇ ಅಲ್ಲವೇ? ಆಮೇಲೆ ನಾನೂ ಕಿವಿಗೊಟ್ಟೆ. ಮಗನನ್ನು ಹೊಳೆ ಎಳೆದೊಯ್ಯುವಾಗ ದಡದುದ್ದ ಓಡುತ್ತಾ ಕೂಗುವ ಹೆಂಗಸಿಗೆ ಒಂದು ಏದುಸಿರೂ ಇಲ್ಲ.

ನಿನ್ನ ಹೆಸರು ಓದಿಯೇ ಏಳೋಣವೆಂದು ಕೂತರೆ ದೀಪ ಹಾಕಿಬಿಟ್ಟರು. "ಮುಗೀತು ಸಾರ್, ಇನ್ನೇನು ನೋಡ್ತೀರಿ?" ಎಂದ ಗೇಟಿನವನು. ಹೆಸರು ಎಂದೆ. "ನಿಮ್ದು ಬರುತ್ತಾ?" ಎಂದು ನಕ್ಕ. ನಾನು ಏಳಲಿಲ್ಲ. ಚಹಾ ತಂದುಕೊಟ್ಟವರ ಹೆಸರಿತ್ತು, ವ್ಯಾನು ಓಡಿಸಿದವರದ್ದಿತ್ತು, ದೋಣಿಯಲ್ಲಿ ಬೊಗಳಿದ ನಾಯಿಯದ್ದೂ ಇತ್ತು. ಕನ್ನಡದಲ್ಲಿ ಮಾತಾಡಿದವರದ್ದು ಒಂದೂ ಇಲ್ಲ. ನಾಯಿಗಿರುವ ಮರ್ಯಾದೆ ಮನುಷ್ಯರಿಗೆ ಬೇಡವೇ?

ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣೀರು ಕುಡಿಯಬೇಡ. ಅಮ್ಮ ತಲೆ ಸವರಿದಳೆಂದು ಬರೆ ಅಂದಳು, ಬರೆದಿದ್ದೇನೆ.

ನಿನ್ನ ಅಣ್ಣ

ತಾ.ಕ.: ಪಕ್ಕದ ಅಂಗಡಿಯವರು ನಿನ್ನ ಊರಿಗೆ ಹೊರಟು ನಿಂತಿದ್ದಾರೆ, ಇದನ್ನು ಅವರ ಕೈಯಲ್ಲೇ ಕೊಡುತ್ತೇನೆ. ನೀನು ಮಾಡಿದ ಸಿನಿಮಾಗಳನ್ನೆಲ್ಲ ಅಮ್ಮನಿಗೆ ಮೊದಲೇ ಹೇಳುವವಳು, ಈ ದೋಣಿಯ ಸಿನಿಮಾ ಹೇಳಲೇ ಇಲ್ಲ. ಅದರಲ್ಲಿ ಮಾತಾಡಿದ್ದು ನೀನೇನಾ? ಹೌದಾದರೆ ಡಾಕ್ಟರ ಬಳಿ ಹೋಗು. ಅಲ್ಲವಾದರೆ ಅದು ಯಂತ್ರ, ವಕೀಲರ ಬಳಿ ಹೋಗು, ಸಹಿ ಹಾಕಬೇಡ. ಸ್ಟುಡಿಯೋದವರು ಕದ್ದು ಬಳಸಿಯಾದ ಮಾಲಿಗೆ ಈಗ ನಿನ್ನ ಒಪ್ಪಿಗೆ ಕೇಳುತ್ತಿದ್ದಾರೆ. ಸಾಕ್ಷಿಗೆಂದು ಆ ಸಿನಿಮಾದ ಟಿಕೆಟ್ಟು ಜೋಪಾನವಾಗಿಟ್ಟಿದ್ದೇನೆ. ಯಾರಿಗೆ ಗೊತ್ತಾಗುತ್ತೆ ಎಂದೆಯಲ್ಲ, ಕಣ್ಣು ಕಾಣದವಳಿಗೆ ಗೊತ್ತಾಯಿತು. ಇದು ಕೈಸೇರಿದ ಕೂಡಲೇ ಫೋನ್ ಮಾಡು. ಹಲೋ ಎನ್ನುವ ಮೊದಲು ಒಮ್ಮೆ ಉಸಿರೆಳೆದುಕೊಳ್ಳಬೇಕಂತೆ, ಇಲ್ಲದಿದ್ದರೆ ಅಮ್ಮ ಮಾತಾಡುವುದಿಲ್ಲವಂತೆ.