ಹಲ್ಲಿಲ್ಲದ ದೆವ್ವ

ರೀ,

ಊಟ ಮುಚ್ಚಿಟ್ಟಿದ್ದೇನೆ. ಮಗಳನ್ನು ಶಾಲೆಯಿಂದ ನೀವೇ ಕರೆತನ್ನಿ, ನಾನು ಸ್ಟುಡಿಯೋಗೆ ಜಗಳಕ್ಕೆ ಹೊರಟಿದ್ದೇನೆ.

ಮಕ್ಕಳ ಕಾರ್ಟೂನ್ ಸಿನಿಮಾಕ್ಕೆ ನಾನು ಬಿಡಿಸಿದ ದೆವ್ವಕ್ಕೆ ಮುಂದಿನ ಎರಡು ಹಲ್ಲಿಲ್ಲವಲ್ಲ, "ಮಕ್ಕಳು ಹೆದರ್ತಾರೆ, ಹಲ್ಲು ಹಾಕಿ, ಮುದ್ದಾಗಿ ಕಾಣ್ಲಿ" ಅನ್ನುತ್ತಾರೆ ನಿರ್ದೇಶಕರು. ನೀವೂ ನಿನ್ನೆ "ಹೋಗ್ಲಿ ಬಿಡೇ, ಎರಡು ಹಲ್ಲು ತಾನೆ" ಅಂದಿರಿ. ಎರಡು ಹಲ್ಲಂತೆ!

ಹಲ್ಲು ಬಿದ್ದಾಗಿನಿಂದ ಬಾಯಿಗೆ ಕೈ ಅಡ್ಡ ಇಟ್ಟೇ ಮಾತಾಡುತ್ತಿದ್ದ ನಿಮ್ಮ ಮಗಳು, ನಾನು ಬರೆದ ಆ ದೆವ್ವವನ್ನು ನೋಡಿದ ದಿನ ಕನ್ನಡಿ ಮುಂದೆ ನಿಂತು, ಬಾಯಗಲಿಸಿ "ಹಾ!" ಅಂದಳು. ಅವತ್ತಿನಿಂದ ಕೈ ಅಡ್ಡ ಬಂದಿಲ್ಲ.

ಕೆಲಸ ಹೋದರೆ ಹೋಗಲಿ. ಅವರು ಜಪ್ಪಯ್ಯ ಅಂದರೂ ನಾನು ಆ ದೆವ್ವಕ್ಕೆ ಹಲ್ಲು ಹಾಕುವುದಿಲ್ಲ.

ಸಂಜೆ ಅವಳು ಬಾಗಿಲ ಹಿಂದಿನಿಂದ ಹಾರಿ ಬಂದರೆ ನಗಬೇಡಿ. ಸರಿಯಾಗಿ ಹೆದರಿ.