ಮೈದಾನದ ಪೆಟ್ಟು, ಮನೆಗೆ ಗುಟ್ಟು

ಸ್ಯಾನ್ ಹೊಸೆ
ಗುರುವಾರ, ೧೬ ಅಕ್ಟೋಬರ್ ೨೦೨೫

ನೂರುನ್ನಿಸಾ ಭಾಭಿಯವರಿಗೆ ಚೆಲುವರಾಜುವಿನ ಸಲಾಮು ಮತ್ತು ನಮಸ್ಕಾರ.

ಸನ್ಮಾನ್ಯ ಸಭಾಧ್ಯಕ್ಷರೇ, ವೇದಿಕೆಯ ಮೇಲೆ ಕುರ್ಚಿ ಸಿಗದೆ ಕೆಳಗೆ ಕುಳಿತ ಗಣ್ಯರೇ, ಊಟ ಎಷ್ಟು ಹೊತ್ತಿಗೆ ಎಂದು ವಾಚು ನೋಡುತ್ತಿರುವ ಕನ್ನಡ ಬಂಧುಗಳೇ! ಬ್ಲೂ ಹೆರಾನ್ ಪಬ್ಬಿನ ಫುಟ್‌ಬಾಲ್ ತಂಡದ ಹದಿನೈದು ವರ್ಷಗಳ ಭವ್ಯ ಚರಿತ್ರೆಯನ್ನು ತಮ್ಮ ಮುಂದಿರಿಸಲು ಅತೀವ ಹರ್ಷವಾಗುತ್ತಿದೆ. ಗೆದ್ದದ್ದು ಕಡಿಮೆ, ಬಿದ್ದದ್ದು ಹೆಚ್ಚು. ಆಟಕ್ಕಿಂತ ಊಟದ ಮೇಲೆಯೇ ನಮಗೆ ಹುಚ್ಚು.

ಗಟ್ಟಿಯಾಗಿ ಓದಬಹುದಾದದ್ದು ಇಷ್ಟೇ ಭಾಭಿ. ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಳ್ಳಿ. ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆಗೆ ನೀವು ಕೇಳಿದ್ದ ಲೇಖನ ಇದಲ್ಲ, ಅದರ ವೇಷ ಹಾಕಿದ ಕಾಗದ. ಆಫೀಸಿನಿಂದ ಫಾಸ್ಟರ್ ಸಿಟಿಯ ಮನೆಗೆ ಮರಳುವ ದಾರಿಯಲ್ಲಿ ನಿಮ್ಮ ಯಜಮಾನ ಲತೀಫನೇ ಬಂದು ಇದನ್ನು ಒಯ್ಯುತ್ತಾನೆ. ಅವನು ಶಿವಾಜಿನಗರದ ಕನ್ನಡವನ್ನು ಅರಳು ಹುರಿದ ಹಾಗೆ ಮಾತಾಡಿದರೂ ಅಕ್ಷರ ಓದಲಾರ. ನಿಮ್ಮ ಮಗಳು ಜೈನಬ್‌ಗೂ ಬರುವುದಿಲ್ಲ. ಫೋನಿನಲ್ಲಿ ಕಳಿಸಿದರೆ ಒಂದು ಗುಂಡಿ ಒತ್ತಿ ಇಂಗ್ಲಿಷ್ ಮಾಡಿಕೊಳ್ಳುತ್ತಾರೆ. ನನ್ನ ಕೈಬರಹವನ್ನು ಯಾವ ಯಂತ್ರವೂ ಓದಲಾರದು, ನನ್ನ ಹೆಂಡತಿ ಜಲಜಾ ಕೂಡ ಓದಲಾರಳು.

ಕೋರಿಕೆ ಒಂದೇ. ಈ ಭಾನುವಾರ ಲತೀಫನನ್ನು ಆಟಕ್ಕೆ ಕಳಿಸಬೇಡಿ. ಅತ್ತರೂ ಸರಿ, ಕಾರಿನ ಕೀ ಬಚ್ಚಿಟ್ಟರೂ ಸರಿ. ಕಾರಣ? ಸದ್ಯಕ್ಕೆ ಮೊಣಕಾಲು ಎಂದಿಟ್ಟುಕೊಳ್ಳಿ.

ಪೂರ್ತಿ ಅರ್ಥವಾಗಬೇಕಾದರೆ ನಮ್ಮ ತಂಡದ ಒಂದು ಸಂಪ್ರದಾಯ ನಿಮಗೆ ತಿಳಿಯಬೇಕು. ಇದುವರೆಗೆ ಯಾರ ಹೆಂಡತಿಗೂ ತಿಳಿದಿಲ್ಲ.

ತಂಡ ಹುಟ್ಟಿದ್ದು ವಿಶ್ವಕಪ್ಪಿನ ವರ್ಷ. ಬೆಳಗ್ಗೆ ಏಳಕ್ಕೇ ಪಬ್ಬಿನಲ್ಲಿ ಟೀವಿ ಮುಂದೆ ಕೂತು ನಾವು ಹಾಕುತ್ತಿದ್ದ ಕೂಗಿಗೆ ಮಾಲೀಕ ಬೇಸತ್ತು, ಹಳದಿ ಜೆರ್ಸಿಗಳ ಒಂದು ಕಟ್ಟು ತಂದು ಮೇಜಿನ ಮೇಲೆ ಎಸೆದ. ಅಷ್ಟು ಗೊತ್ತಿದ್ದರೆ ಹೋಗಿ ನೀವೇ ಆಡಿ ಅಂದ. ಹೋದೆವು. ಲತೀಫ್ ಗೋಲಿನಲ್ಲಿ ನಿಂತ. ಎಲ್ಲರೂ ಬಿಯರ್ ಕುಡಿಯುವ ತಂಡಕ್ಕೆ ಜಿಂಜರ್ ಏಲ್ ಕುಡಿಯುವ ಗೋಲ್‌ಕೀಪರ್. ಚೆಂಡು ನೆಟ್ಟಗೆ ಕಾಣುವವನು ಒಬ್ಬನಾದರೂ ಇರಲಿ ಎಂದು ಎಲ್ಲರೂ ಒಪ್ಪಿದೆವು.

ಮೊದಲ ಆಟದಲ್ಲೇ ನನ್ನ ಮೂಗು ಒಡೆಯಿತು. ಇನ್ನು ಮೇಲೆ ಆಟ ಬಂದ್ ಎಂದು ಜಲಜಾ ಆಣೆ ಹಾಕಿಸುವುದು ಖಂಡಿತವಿತ್ತು. ಆಗ ಪಬ್ಬಿನ ಹಿಂದಿನ ಮೇಜಿನಲ್ಲಿ ಮೊದಲ ‘ಸುಳ್ಳು ಪಂಚಾಯ್ತಿ’ ಸೇರಿತು. ಪೆಟ್ಟಾದವನು ಐಸು ಒತ್ತಿಕೊಂಡು ಕೂರಬೇಕು. ಉಳಿದವರು ಸರದಿಯಂತೆ ಒಂದೊಂದು ಸುಳ್ಳು ಕಟ್ಟಬೇಕು. ಒಳ್ಳೆಯ ಸುಳ್ಳಿಗೆ ಒಂದು ತಟ್ಟೆ ಆನಿಯನ್ ರಿಂಗ್ಸ್ ಬಹುಮಾನ. ಆಯ್ಕೆಯಾದ ಸುಳ್ಳನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡು ಮನೆಗೆ ಹೋಗಬೇಕು. ‘ಮೈದಾನದ ಪೆಟ್ಟು, ಮನೆಗೆ ಗುಟ್ಟು’ ಎಂದು ಧ್ಯೇಯವಾಕ್ಯ ಹೊಸೆದವನು ನಾನೇ. ನನ್ನ ಮೂಗು ಫ್ರೀಜರಿನ ಬಾಗಿಲಿಗೆ ಬಡಿಯಿತು. ನಮ್ಮ ಫಾರ್ವರ್ಡ್ ವಿರುಪಾಕ್ಷಪ್ಪ, ಧಾರವಾಡದ ಹಲ್ಲಿನ ಡಾಕ್ಟರು, ಪಾದ ಮುರಿದುಕೊಂಡದ್ದು ಗ್ರೋಸರಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ. ಲತೀಫನ ಬೆರಳು ಮುರಿದದ್ದು ಕುಕ್ಕರಿನ ಮುಚ್ಚಳದಿಂದ. ಪಾಪ, ನೀವು ಒಳ್ಳೆಯ ಕುಕ್ಕರನ್ನೇ ಹೊರಗೆ ಹಾಕಿದಿರಿ. ನಾವು ವಾರವಿಡೀ ನಕ್ಕೆವು.

ಈಗ ಪಬ್ ಮುಚ್ಚುತ್ತಿದೆ. ಕಟ್ಟಡ ಮಾರಾಟವಾಗಿದೆ. ಭಾನುವಾರದ್ದೇ ಕೊನೆಯ ಆಟ, ಎಮರಿವಿಲ್‌ನ ಕಾರ್ಟೂನ್ ಸ್ಟುಡಿಯೋದ ಹುಡುಗರ ಮೇಲೆ. ಅವರ ವಯಸ್ಸು ನಮ್ಮ ಅರ್ಧ, ವೇಗ ದುಪ್ಪಟ್ಟು. ಲತೀಫ್ ಹೊಸ ಗ್ಲೌಸು ಕೊಂಡಿದ್ದಾನೆ. ಹದಿನೈದು ವರ್ಷ ಅದೇ ಗೋಲ್ ಕಾದೋನು ನಾನು, ಲಾಸ್ಟ್ ಡೇ ಬೇರೆಯವನನ್ನ ನಿಲ್ಲಿಸ್ತೀರೇನೋ ಅಂದ. ಬೇಡ ಕಣೋ ಎಂದು ನಿನ್ನೆ ಹೇಳಿದೆ, ಬೈದ. ಇವತ್ತು ಹೇಳಿದೆ, ಫೋನ್ ಇಟ್ಟ. ತಂಡದಲ್ಲಿ ಉಳಿದವರಿಗೆ ಹೇಳಿದರೆ, ಒಂದೇ ಮ್ಯಾಚು ತಾನೇ, ಹುಷಾರಾಗಿ ಆಡ್ತಾನೆ ಬಿಡು ಅಂದರು. ವಿರುಪಾಕ್ಷಪ್ಪ ಮಾತ್ರ, ನೀ ಅವರ ಮನ್ಯಾಗ ಹೇಳ್ತೀಯೋ, ನಾ ಹೇಳ್ಲ್ಯೋ ಅಂದ.

ಇಷ್ಟು ಬರೆದು ನಾಲ್ಕು ಸಲ ಕಿಟಕಿಯ ಬಳಿ ಹೋಗಿ ಬಂದೆ. ಅವನ ಕಾರು ಇನ್ನೂ ಬಂದಿಲ್ಲ. ಪ್ರಾಸಕ್ಕೆ ಪದ ಹುಡುಕುತ್ತ ಕೂತರೆ ಅವನೇ ಬಂದುಬಿಡುತ್ತಾನೆ.

ಮೊಣಕಾಲಲ್ಲ ಭಾಭಿ. ಎದೆ.

ಹೋದ ಭಾನುವಾರ ಅವನು ಮನೆಗೆ ತಡವಾಗಿ ಬಂದದ್ದು ಟೈರು ಪಂಕ್ಚರಾಗಿ ಅಲ್ಲ. ಚೆಂಡು ಆ ತುದಿಯಲ್ಲಿದ್ದಾಗ ಅವನು ಗೋಲಿನ ಕಂಬ ಹಿಡಿದು ಕುಸಿದು ಕೂತ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಜೆರ್ಸಿ ಹಿಂಡುವಷ್ಟು ಬೆವರು. ನಾ ಹಲ್ಲು ನೋಡಾಂವ, ಇದು ನನ್ನ ಕೆಲಸ ಅಲ್ಲ, ದವಾಖಾನಿಗೆ ನಡೀರಿ ಎಂದು ವಿರುಪಾಕ್ಷಪ್ಪ ಕಿರುಚಿದ. ನೂರಿಗೆ ಗೊತ್ತಾಗ್ಬಾರ್ದು ಕಣ್ರೋ, ಲಾಸ್ಟ್ ಮ್ಯಾಚ್ ಬಿಡಿಸ್ತಾಳೆ ಎಂದ ಲತೀಫ್. ನಾವು ಲತೀಫನ ಮಾತು ಕೇಳಿದೆವು. ಪಬ್ಬಿಗೆ ಕರೆತಂದು ಹಿಂದಿನ ಮೇಜಿನಲ್ಲಿ ಕೂರಿಸಿದೆವು. ಎಡಗೈ ಮರಗಟ್ಟುತ್ತಿದೆ ಎಂದು ಅವನು ಹೇಳುತ್ತಿದ್ದ; ಪಂಕ್ಚರಾದದ್ದು ಮುಂದಿನ ಟೈರೋ ಹಿಂದಿನದೋ ಎಂದು ನಾವು ಚರ್ಚಿಸುತ್ತಿದ್ದೆವು. ಆನಿಯನ್ ರಿಂಗ್ಸ್ ಕೂಡ ಬಂತು.

ಆಮೇಲೆ ಸರಿಹೋಯಿತು ಅಂದ. ಇವತ್ತಿನವರೆಗೂ ಡಾಕ್ಟರ ಬಳಿ ಹೋಗಿಲ್ಲ. ಭಾನುವಾರದ ತನಕ ಕಾಯಬೇಡಿ, ಇವತ್ತೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ನನಗೆ ಭಯವಾಗುತ್ತಿದೆ.

ಇಂತಿ,
ಚೆಲುವರಾಜು

ಮ.ಮಾ.: ಸಹಿ ಹಾಕುವಷ್ಟರಲ್ಲಿ ಲತೀಫ್ ಬಂದ. ಬಾಗಿಲಲ್ಲೇ ನಿಂತು, ಎಲ್ಲಾ ಬರೆದ್ಯಾ ಅಂದ. ಹೂಂ ಅಂದೆ. ಹೋದ ಸಂಡೇದೂನಾ ಅಂದ. ಸುಳ್ಳು ಹೇಳಲು ಬಾಯಿ ತೆರೆದೆ, ಒಂದೂ ಬರಲಿಲ್ಲ. ಕಾಗದ ಕಿತ್ತು ಹರಿಯುತ್ತಾನೆ ಎಂದುಕೊಂಡೆ. ಅವನು ಸೋಫಾದ ತುದಿಯಲ್ಲಿ ಕೂತು, ನನಗೆ ಬಾಯಿಬಿಟ್ಟು ಹೇಳೋಕೆ ಆಗ್ತಿಲ್ಲ ಕಣೋ ಅಂದ. ಈಗ ಕೈ ಚಾಚಿಕೊಂಡು ನಿಂತಿದ್ದಾನೆ. ಬೇಗ ಮುಗ್ಸು, ಫ್ರೀವೇ ಜಾಮ್ ಆಗೋಕ್ ಮುಂಚೆ ಅವಳ ಕೈಗೆ ಕೊಡ್ಬೇಕು ಅನ್ನುತ್ತಿದ್ದಾನೆ. ಕಾರು ಅವನಿಗೆ ಕೊಡುವುದಿಲ್ಲ. ನಾನೇ ಓಡಿಸಿಕೊಂಡು ಬರುತ್ತಿದ್ದೇನೆ. ನೀವು ಚಪ್ಪಲಿ ಹಾಕಿಕೊಂಡೇ ಬಾಗಿಲು ತೆರೆಯಿರಿ.