ಅಪ್ಪ ತುಂಬಿದ ಹಲ್ಲು

ಅಪ್ಪಾ,

ಇವತ್ತು ನಿಮ್ಮ ಹಳೆಯ ಪೇಷಂಟ್ ಡ್ರಾಯಿಂಗ್ ಮೇಷ್ಟ್ರು ಕ್ಲಿನಿಕ್ಕಿಗೆ ಬಂದಿದ್ದರು. ಗಂಟಲಿನ ಕ್ಯಾನ್ಸರಿಗೆ ಸೋಮವಾರದಿಂದ ರೇಡಿಯೇಷನ್ ಅಂತೆ. ದವಡೆಯಲ್ಲಿ ನೀವು ತುಂಬಿದ ಸಿಲ್ವರ್ ಫಿಲ್ಲಿಂಗ್ ಇದೆಯಲ್ಲ, ಕಿರಣ ಆ ಲೋಹಕ್ಕೆ ಬಡಿದು ಚದುರಿದರೆ ಪಕ್ಕದ ಕೆನ್ನೆ ಹುಣ್ಣಾಗುತ್ತದೆ.

“ನಿಮ್ಮಪ್ಪ ಹಾಡು ಗುನುಗ್ತಾ ತುಂಬಿದ್ದು, ಇಪ್ಪತ್ತೆಂಟು ವರ್ಷ ಆಯ್ತು. ಈಗ ಕಿತ್ತುಬಿಡ್ತೀಯೇನಮ್ಮ?” ಎಂದರು.

ಹಾಡು ಮುಗಿಯುವವರೆಗೂ ನೀವು ಸಿಲ್ವರನ್ನು ಹಲ್ಲಿನ ಕುಳಿಗೆ ಒತ್ತುವುದನ್ನು ಬಿಡುತ್ತಿರಲಿಲ್ಲ. ನಾನು ಓದು ಮುಗಿಸಿ ಬಂದವಳೇ “ಓಬೀರಾಯನ ಕಾಲದ್ದು ಸಾಕಪ್ಪ” ಎಂದು ಆ ಸಿಲ್ವರ್ ಪುಡಿಯ ಡಬ್ಬಿಯನ್ನೇ ಎತ್ತಿಟ್ಟೆ. ಆಮೇಲೆ ನೀವು ಬದುಕಿರುವವರೆಗೂ ಕ್ಲಿನಿಕ್ಕಿನಲ್ಲಿ ಗುನುಗಿದ್ದು ನಾನು ಕೇಳಲಿಲ್ಲ.

ಫಿಲ್ಲಿಂಗಿನ ಅಂಚಿನಲ್ಲಿ ಸೂಜಿ ಆಡಿಸಿದೆ, ಎಲ್ಲೂ ಬಿರುಕಿಲ್ಲ.

“ಬೇಡ ಮೇಷ್ಟ್ರೇ, ಅಪ್ಪನ ಕೆಲಸ ಗಟ್ಟಿ. ಕೆನ್ನೆಗೆ ತಾಗದ ಹಾಗೆ ಮೇಲೊಂದು ಕವಚ ಮಾಡ್ಕೊಡ್ತೀನಿ.”

“ಗಟ್ಟಿ ಅಂತ ಅವ್ರಿಗೆ ಯಾವತ್ತಾದ್ರೂ ಹೇಳಿದ್ಯಾ?”

“ಬಾಯಿ ತೆಗೀರಿ” ಎಂದೆ.